ಊಟ ಆತಾ ಅಂತ ಕೇಳಿದ್ದೇ ತಪ್ಪಂತೆ

ಹೊಳಲ್ಕೆರೆಯ ನಮ್ಮನೆ ಒಳಕೋಣೇಲಿ ಕುಂತ್ಕಂಡು ನಾನು ಆಸ್ಟ್ರೇಲಿಯಾದೋರ ವಾಷಿಂಗ್ ಮಿಷಿನ್ ಸರಿ ಮಾಡಿಸ್ತಿದ್ದೆ. ಅವರು ಫೋನಾಗೆ ಕಷ್ಟ ಹೇಳ್ಕಳದು, ನಾನು ಯಾವ ಬಟನ್ ಒತ್ತಬೇಕು ಅಂತ ಹೇಳದು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆಗಬೇಕಂದ್ರೆ ಗಿರಾಕಿಗಳು ಒಳ್ಳೆ ಮಾರ್ಕ್ಸ್ ಕೊಡಬೇಕಿತ್ತು. ಊರು ಬಿಡದೆ ನನ್ನ ಕಾಲ ಮೇಲೆ ನಾನು ನಿಲ್ಲೋಕೆ ನಂಗೆ ಬೇರೆ ದಾರಿ ಕಂಡಿರಲಿಲ್ಲ.

ಟ್ರೈನಿಂಗಲ್ಲಿ ನಂಗೊಂದು ಇಂಗ್ಲಿಷ್ ಹೆಸರು ಇಟ್ಟಿದ್ರು. ಬಾಯಿ ಹಿಂಗೆ ತಿರುಗಿಸು, ನಾಲಿಗೆ ಹಂಗೆ ಮಡಚು ಅಂತ ಹೇಳ್ಕೊಟ್ರು. ಯಾರಾದ್ರೂ ಮಾತು ತಿಳೀಲಿಲ್ಲ ಅಂದ್ರೆ "ನನ್ನ ಉಚ್ಚಾರಣೆಗೆ ಕ್ಷಮಿಸಿ" ಅನ್ನಬೇಕಂತೆ. ಥೂ! ನಾನೇನು ಅವರ ಮನೇಲಿ ಕದ್ದಿದ್ನಾ?

ಒಂದಿನ ಬೆಳಿಗ್ಗೆ ಒಬ್ಬ ಮುದುಕಪ್ಪ ಫೋನ್ ಮಾಡಿದ. ಮಿಷಿನ್ನಾಗೆ ನೀರು ನಿಂತ್ಕಂಡೈತೆ, ಬಾಗಿಲು ತೆಗೀತಿಲ್ಲ. ನಾನು ಬಾಯಿ ಬಿಟ್ಟಿದ್ದೇ ತಡ, "ನಮ್ಮ ದೇಶದೋರು ಯಾರಾದ್ರೂ ಇದ್ರೆ ಕೊಡು" ಅಂದ. ಮೈಯೆಲ್ಲ ಉರೀತು. ಆ ಸುಳ್ಳು ದನಿ ಬಿಟ್ಟು ನನ್ನ ಇಂಗ್ಲಿಷ್ನಾಗೇ ಹೇಳಿದೆ: "ನಿಮ್ಮ ಮಾತು ನಂಗೆ ತಿಳೀತೈತೆ. ನಂದೂ ನಿಮಗೆ ತಿಳೀತೈತೆ. ಮಿಷಿನ್ ಹತ್ರ ಹೋಗ್ರಿ." ಗೊಣಗಿಕೊಂಡೇ ಹೋದ. ಪ್ಲಗ್ ಕೀಳ್ರಿ ಅಂದೆ, ಕಿತ್ತ. ಕೆಳಗಿನ ಮುಚ್ಚಳ ನಿಧಾನಕ್ಕೆ ತಿರುವ್ರಿ ಅಂದೆ, ತಿರುವಿದ.

ನೀರು ಇಳಿಯೋ ತನಕ ಕಾಯಬೇಕಿತ್ತು. ಅಂಥ ಹೊತ್ತಲ್ಲಿ ಹವಾಮಾನದ ಮಾತಾಡಬೇಕು ಅಂತ ಕಂಪನಿ ಕಾನೂನು. ನಮ್ಮ ಕಡೆ ಫೋನ್ ಹಿಡಿದ್ರೆ ಕೇಳೋದೇ ಊಟದ್ದು. "ಊಟ ಆತಾ?" ಅಂತ ಇಂಗ್ಲಿಷ್ನಾಗೆ ಕೇಳೇಬಿಟ್ಟೆ.

"ಇನ್ನೂ ಇಲ್ಲ. ಬಟ್ಟೆ ಆದ್ಮೇಲೆ" ಅಂದ. ಬಾಗಿಲು ತೆಗೀತು, ಫೋನ್ ಇಟ್ಟ.

ಮಧ್ಯಾಹ್ನ ನಮ್ಮ ಸೂಪರ್‌ವೈಸರ್ ಫೋನ್ ಬಂತು. ಅವರೂ ನಮ್ಮ ಕಡೆಯೋರೇ, ಹೊಸದುರ್ಗದೋರು.

"ಬೆಳಗಿನ ಮುದುಕಪ್ಪ ಸೊನ್ನೆ ಕೊಟ್ಟವ್ನೆ ಕಣಮ್ಮ! ನಿಂದೊಂದು ಮಾತೂ ತಿಳೀಲಿಲ್ಲ ಅಂದವ್ನೆ. ಅದ್ರ ಮೇಲೆ ಊಟ ಯಾಕೆ ಕೇಳ್ದೆ? ಈಗ್ಲೇ ಫೋನ್ ಮಾಡಿ ಉಚ್ಚಾರಣೆಗೆ ಕ್ಷಮೆ ಕೇಳು. ಇಲ್ಲಾಂದ್ರೆ ಖಾಯಂ ಆಗೋದು ಮರ್ತುಬಿಡು."

"ರೆಕಾರ್ಡಿಂಗ್ ಹಾಕ್ಕೊಂಡು ಕೇಳ್ರಿ ಸಾರ್. ತಿಳೀದೆ ಇದ್ರೆ ಪ್ಲಗ್ ಹೆಂಗೆ ಕಿತ್ತ? ಊಟ ಆಗಿಲ್ಲ ಅಂತ ಯಾರಿಗೆ ಹೇಳ್ದ, ಗೋಡೆಗಾ? ಅವನಿಗೆ ತಿಳೀತು. ನಮ್ಮಂಥೋರು ಹೇಳಿದ್ದು ತಿಳೀತಲ್ಲ ಅಂತಲೇ ಅವನಿಗೆ ಸಂಕಟ. ಕೆಲಸದಾಗೆ ತಪ್ಪಿದ್ರೆ ನೂರು ಸಲ ಸಾರಿ ಕೇಳ್ತೀನಿ. ನನ್ನ ನಾಲಿಗೆಗೆ ಕೇಳಲ್ಲ."

"ಯೋಚನೆ ಮಾಡಮ್ಮ" ಅಂತ ಇಟ್ಟುಬಿಟ್ರು.

ಕೆಲಸ ಹೋದ್ರೆ ಹೋಗ್ಲಿ ಅನ್ನೋ ಸ್ಥಿತಿ ನಂದಾಗಿರಲಿಲ್ಲ. ಅಷ್ಟರಲ್ಲಿ ಮುಂದಿನ ಕಾಲ್ ಬಂತು. ಕಂಪನಿ ಇಟ್ಟ ಹೆಸರು ಬಾಯಿ ತನಕ ಬಂದಿತ್ತು, ನುಂಗಿಕೊಂಡೆ. ಅವ್ವ ಇಟ್ಟ ಹೆಸರು ಹೇಳಿದೆ, ನಮ್ಮೂರಾಗೆ ಕರೆಯೋ ಹಂಗೇ.

"ಏನು? ಇನ್ನೊಂದ್ಸಲ ಹೇಳು" ಅಂದ್ಳು ಆ ಕಡೆಯೋಳು.

ಇನ್ನೊಂದ್ಸಲ ಹೇಳಿದೆ.