ಸೊಲ್ಲು ಎತ್ತುವವಳು

ನಮ್ಮ ಬೇವೂರಿನ ಕಡೆ ಸೋಬಾನೆ ಹಾಡನ್ನು ಯಾರೂ ಒಬ್ಬರೇ ಹಾಡುವುದಿಲ್ಲ. ಮುಂದಿನವಳು ಒಂದು ಸಾಲು ಹೇಳಿ ಬಾಯಿ ಮುಚ್ಚಬೇಕು, ಹಿಂದಿನವಳು ಅದೇ ಸಾಲನ್ನು ಎತ್ತಿಕೊಳ್ಳಬೇಕು. ಅಷ್ಟರೊಳಗೆ ಮುಂದಿನವಳು ಉಸಿರು ತೆಗೆದುಕೊಂಡು ಮುಂದಿನ ಸಾಲನ್ನು ನೆನಪು ಮಾಡಿಕೊಳ್ಳುತ್ತಾಳೆ. ಇದಕ್ಕೆ ನಾವು ಸೊಲ್ಲು ಎತ್ತುವುದು ಅನ್ನುತ್ತೇವೆ. ನನ್ನ ಸೊಲ್ಲು ಎತ್ತುತ್ತಿದ್ದವಳು ನನ್ನ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ಸಜ್ಜೆ ಹೊಲದಲ್ಲಿ ಕಳೆ ತೆಗೆಯುವಾಗಲೂ ಊರಿನವರ ಅರಿಷಿಣದ ಕಾರ್ಯದಲ್ಲೂ ನಮ್ಮದೇ ಜೋಡಿ. ನೀರಿನ ಕೊಡಕ್ಕೋ ಒಲೆಯ ಕಟ್ಟಿಗೆಗೋ ಜಗಳವಾಡಿ ಮಾತು ಬಿಟ್ಟ ದಿನವೂ ನಾವು ಹಾಡು ಬಿಟ್ಟವರಲ್ಲ.

ರೇಡಿಯೋದಲ್ಲಿ ಹಾಡುವವರನ್ನು ಆರಿಸುತ್ತಾರೆಂಬ ಸುದ್ದಿ ತಂದವಳೂ ಅಕ್ಕನೇ. ಹುಣ್ಣಿಮೆಗೆ ಹುಲಿಗಿಯ ಗುಡಿಗೆ ಹೋದಾಗ ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ.

"ಅತ್ತಿ ಕಲಿಸಿದ ಹಾಡು ನಮ್ಮ ಸಂಗಡ ಮಣ್ಣಾಗಬಾರ್ದು. ನೀ ಹೋಗಿ ಹಾಡಬೇಕು ನೋಡು," ಅಂದಳು.

"ಇಬ್ಬರೂ ಹೋಗೂಣಲ್ಲ?" ಅಂದೆ. ಕೇಳಿ ನೋಡಿದರೆ ರೇಡಿಯೋದವರ ಲೆಕ್ಕವೇ ಬೇರೆ. ಬಂದರೆ ಒಬ್ಬರು ಬರಬೇಕು, ಇಲ್ಲವಾದರೆ ಪೂರಾ ಮೇಳ ಬರಬೇಕು. ಇಬ್ಬರಿಗೆ ಮೇಳ ಅನ್ನುವುದಿಲ್ಲವಂತೆ. ದನಕರು ಬಿಟ್ಟು, ಕೂಲಿ ಬಿಟ್ಟು ಮೇಳ ಕಟ್ಟಿಕೊಂಡು ಬರುವವರು ಯಾರು? ಕೊನೆಗೆ ನಾನು ಒಳಗೆ, ಅಕ್ಕ ಹೊರಗಿನ ಬೆಂಚಿನ ಮೇಲೆ ಎಂದು ತೀರ್ಮಾನವಾಯಿತು.

ರೇಡಿಯೋ ಕೇಂದ್ರದ ಒಳಗೆ ತಣ್ಣಗಿನ ಕೋಣೆ, ಸದ್ದಿಲ್ಲದ ಗೋಡೆ, ಗಾಜಿನ ಆಚೆ ಇಬ್ಬರು ಸಾಹೇಬರು. ಶುರು ಮಾಡಿ ಅಂದರು. ಅರಿಷಿಣದ ಹಾಡಿನ ಮೊದಲ ಸಾಲು ಹೇಳಿ ರೂಢಿಯಂತೆ ಬಾಯಿ ಮುಚ್ಚಿದೆ. ಸೊಲ್ಲು ಬರಲಿಲ್ಲ. ನಾನು ಕಾಯುತ್ತಾ ನಿಂತೆ.

"ಯಾಕಮ್ಮಾ, ಮರೆತುಹೋಯಿತಾ?" ಎಂದು ಗಾಜಿನ ಆಚೆಯಿಂದ ಕೇಳಿದರು.

"ಇಲ್ರಿ ಸಾಹೇಬ್ರ, ನಮ್ಮಕ್ಕ ಹೊರಗ ಕುಂತಾಳ್ರಿ," ಅಂದೆ.

ಅವರು ನಕ್ಕರು. ಕೆಟ್ಟ ನಗೆಯೇನಲ್ಲ, ಆದರೂ ನನ್ನ ಕಿವಿ ಕಾದವು. ಮತ್ತೆ ಶುರು ಮಾಡಿದೆ, ಮತ್ತೆ ಅಲ್ಲೇ ನಿಂತೆ. ನಪಾಸು.

ಊರಲ್ಲಿ ಗುಟ್ಟು ನಿಲ್ಲುತ್ತದೆಯೇ? ಬಾವಿಕಟ್ಟೆಗೆ ಹೋದರೆ "ರೇಡಿಯೋ ಬಂತು, ಕಿವಿ ಮುಚ್ಚಿಕೊಳ್ರಿ" ಅನ್ನುವವರು. ನನ್ನ ಗಂಡನಂತೂ "ನರಿ ಕೂಗು ಗಿರಿಗೆ ಮುಟ್ಟೀತೇನು" ಎಂದು ಗಾದೆ ಹೇಳಿ ರೊಟ್ಟಿ ಮುರಿದ. ಆ ದಿನ ಪಲ್ಯಕ್ಕೆ ಖಾರ ತುಸು ಜಾಸ್ತಿಯೇ ಬಿತ್ತು.

ಅಕ್ಕ ಮಾತ್ರ ಬಿಡಲಿಲ್ಲ. "ನಾ ಬಾಯಿ ಮುಚ್ಚಿಕೊಂಡು ಕಳೆ ತೆಗಿತೀನಿ, ಎರಡೂ ದನಿ ನೀನ ಹಾಡು," ಅಂದಳು. ಸೆರಗನ್ನು ಬಾಯಿಗೆ ಒತ್ತಿಕೊಂಡೇ ಸಜ್ಜೆಯ ಸಾಲು ಹಿಡಿದು ಕಳೆ ತೆಗೆಯುತ್ತಿದ್ದಳು. ಆದರೆ ನಾನು ನಿಲ್ಲಿಸಿದ ಕೂಡಲೇ ಸೆರಗಿನೊಳಗಿಂದಲೇ ಸೊಲ್ಲು ಹೊರಡುತ್ತಿತ್ತು. ಇಬ್ಬರೂ ಬದುವಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆವು. ಹೀಗೆ ಕಲಿತವಳು ಎಲ್ಲಿ ಪಾಸಾಗಬೇಕು? ಎರಡನೆಯ ಸಲವೂ ಆಗಲಿಲ್ಲ. ಮೂರನೆಯ ಸಲ ತಡವರಿಸಿ ಹೇಗೋ ಮುಗಿಸಿದೆ, ಆದರೆ ಸಾಲು ಸಾಲಿಗೂ ಹಾಡು ತುಂಡಾಗುತ್ತದೆ ಎಂದು ವಾಪಸು ಕಳಿಸಿದರು. ಬಸ್ ಸ್ಟ್ಯಾಂಡಿನಲ್ಲಿ ನಾನು ಅಳುತ್ತಿದ್ದರೆ ಅಕ್ಕ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಳು. "ತಿನ್ನು. ಹೊಟ್ಟಿ ಖಾಲಿ ಇಟಗೊಂಡು ಅಳಬಾರ್ದು."

ಆ ಚಳಿಗಾಲದಲ್ಲಿ ಅಕ್ಕನಿಗೆ ದಮ್ಮು ಹೆಚ್ಚಾಯಿತು. ಮೊದಲು ಹೊಲದ ದಾರಿಯಲ್ಲಿ ಕೂತುಕೊಳ್ಳುತ್ತಿದ್ದಳು, ಆಮೇಲೆ ಅಂಗಳ ಗುಡಿಸುವಾಗಲೂ. ಹಾಡಿಗೆ ಕೂತರೆ ಅರ್ಧ ಸಾಲು ಎತ್ತಿ ಎದೆ ಹಿಡಿದುಕೊಳ್ಳುತ್ತಿದ್ದಳು. ಉಳಿದರ್ಧ ನಾನು ಹಾಡಲು ಹೋದರೆ ಕೈ ಅಡ್ಡ ಹಿಡಿದು ತಡೆಯುತ್ತಿದ್ದಳು. ತನ್ನ ಪಾಲು ತಾನೇ ಹಾಡಬೇಕೆಂಬ ಹಟ. ಕೊಪ್ಪಳದ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿದ್ದಾಗ ನನ್ನನ್ನು ಹತ್ತಿರ ಕರೆದು ಕೇಳಿದ್ದೂ ರೇಡಿಯೋದ ಮಾತನ್ನೇ.

"ಮತ್ತ ಯಾವಾಗ ಕರೀತಾರಂತ?"

"ನೀ ಆರಾಮಾಗು ಮೊದಲ. ಬೆಂಚಿನ ಮ್ಯಾಲ ಕುಂದ್ರಾಕ ಯಾರು ಬರ್ತಾರ?" ಅಂದೆ. ಅವಳು ಮುಖ ತಿರುಗಿಸಿದಳು. ಅವಳಿಗೆ ಗೊತ್ತಿತ್ತು ಅನ್ನಿಸುತ್ತದೆ. ಆ ವಾರ ದಾಟಲಿಲ್ಲ.

ಆಮೇಲೆ ನಾನು ಹಾಡಲಿಲ್ಲ. ಕಳೆ ತೆಗೆಯುವಾಗ ಹೊಲ ಬಹಳ ದೊಡ್ಡದು ಅನ್ನಿಸುತ್ತಿತ್ತು. ವರ್ಷ ಕಳೆದು ಕುಷ್ಟಗಿಯಲ್ಲಿ ನನ್ನ ತವರಿನ ಸಂಬಂಧದ ಮದುವೆ. ಅರಿಷಿಣ ಹಚ್ಚುವಾಗ ಹಿರಿಯರೊಬ್ಬರು, "ಹಾಡಿಲ್ಲದ ಅರಿಷಿಣ ಹಚ್ಚಬಾರ್ದವಾ, ಒಂದ ನುಡಿ ಹೇಳು," ಎಂದು ಗಂಟು ಬಿದ್ದರು. ಒಂದು ಸಾಲು ಹೇಳಿದೆ. ಸುತ್ತ ಇದ್ದ ಹುಡುಗಿಯರು ಮೊಬೈಲು ಎತ್ತಿ ಹಿಡಿದರೇ ಹೊರತು ಸೊಲ್ಲು ಎತ್ತಲಿಲ್ಲ. ಅವರಿಗೆ ಬರುವುದೂ ಇಲ್ಲ, ಅವರದೇನು ತಪ್ಪು. ನನ್ನ ಬಾಯಿ ತಾನಾಗಿ ಆ ಸಾಲನ್ನು ಮತ್ತೆ ಹಾಡಿತು. ಅಲ್ಲಿಂದ ಹಾಡು ಮುಗಿಯುವವರೆಗೆ ನಾನು ಎಲ್ಲೂ ನಿಲ್ಲಲಿಲ್ಲ. ಮದುಮಗಳ ಗಲ್ಲಕ್ಕೆ ಅರಿಷಿಣ ಹಚ್ಚಿ ಹಿತ್ತಲಿಗೆ ಹೋಗಿ, ಅಕ್ಕ ಸತ್ತಾಗಲೂ ಅಳದಷ್ಟು ಅತ್ತೆ.

ಆ ವರ್ಷವೇ ಮತ್ತೆ ರೇಡಿಯೋಗೆ ಹೋದೆ, ಒಬ್ಬಳೇ. ಅದೇ ತಣ್ಣಗಿನ ಕೋಣೆ. "ಈ ಸಲ ಎಲ್ಲೂ ತುಂಡಾಗಲಿಲ್ಲ ನೋಡಿ, ಬಹಳ ಚೆನ್ನಾಗಿ ಬಂತು," ಅಂದರು. ಪಾಸು. ಹೊರಗೆ ಬಂದರೆ ಬೆಂಚಿನ ಮೇಲೆ ಯಾರೋ ಗುರುತಿಲ್ಲದವರು ಊಟದ ಬುತ್ತಿ ಬಿಚ್ಚಿ ಕೂತಿದ್ದರು. ಯಾರಿಗೆ ಹೇಳಲಿ? ಅಕ್ಕ ಬದುಕಿದ್ದರೆ ನಾನು ಇವತ್ತಿಗೂ ನಪಾಸಾಗುತ್ತಿದ್ದೆ. ನಪಾಸಾಗಿಯೇ ಇದ್ದಿದ್ದರೆ ಒಳ್ಳೆಯದಿತ್ತು.

ಹಾಡು ಪ್ರಸಾರವಾದ ಬೆಳಿಗ್ಗೆ ಮನೆಯವರೆಲ್ಲ ಮೊಬೈಲಿನ ಸುತ್ತ ಕೂತರು. ಗಾದೆ ಹೇಳಿದ್ದ ನನ್ನ ಗಂಡನೇ ಎಲ್ಲರನ್ನೂ ಸುಮ್ಮನಿರಿಸಿದ. ಭಾವ, ಅಂದರೆ ಅಕ್ಕನ ಗಂಡ, ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೇಳಿದರು. ಹಾಡು ಮುಗಿಯಿತು. ಎಲ್ಲರೂ ಭೇಷ್ ಅಂದರು. ಭಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಛಲೋ ಹಾಡೀಯವಾ," ಅಂದರು. "ಆದ್ರ ನಡುವ ಎಲ್ಲೂ ನಿಲ್ಲಲೇ ಇಲ್ಲಲ್ಲ ನೀನು. ಆಕಿ ಎಲ್ಲಿ ಎತ್ತಬೇಕಿತ್ತು?"