ದೇವರ ಕಪಾಟಿನ ಏಪ್ರನ್

ಮನೆಗೆ ಬಂದವರ ಮುಖವನ್ನು ನಮ್ಮ ವಕೀಲ ಕಾಕಾ ಆಮೇಲೆ ನೋಡುತ್ತಿದ್ದ. ಮೊದಲು ನೋಡುತ್ತಿದ್ದದ್ದು ಸೊಂಟ. ಚಪ್ಪಲಿಯನ್ನು ಎಲ್ಲರ ಮನೆಯಲ್ಲೂ ಹೊರಗೇ ಬಿಡುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ಕಾಕಾನ ಮನೆಯಲ್ಲಿ ತೊಗಲಿನ ಬೆಲ್ಟನ್ನೂ ಬಿಚ್ಚಿ ಕಟ್ಟೆಯ ಮೇಲಿನ ಗೂಟಕ್ಕೆ ಹಾಕಿ ಒಳಗೆ ಬರಬೇಕಾಗಿತ್ತು. "ಲಿಂಗಪೂಜಿ ನಡಿಯೂ ಮನಿ ಐತ್ರಿ ಇದು. ಸತ್ತ ದನದ ತೊಗಲು ಹೊಸ್ತಲಾ ದಾಟಬಾರದು," ಎಂದು ಬಾಗಿಲಿಗೆ ಅಡ್ಡ ನಿಂತು ಹೇಳುತ್ತಿದ್ದ. ಊರಿಗೆ ಹೊಸದಾಗಿ ಬಂದ ಬ್ಯಾಂಕಿನ ಮ್ಯಾನೇಜರರು ಒಮ್ಮೆ ಒಂದು ಕೈಯಲ್ಲಿ ಜಾರುವ ಪ್ಯಾಂಟು, ಇನ್ನೊಂದು ಕೈಯಲ್ಲಿ ಚಹಾದ ಬಸಿ ಹಿಡಿದುಕೊಂಡು ಒದ್ದಾಡಿದರು. ನಾನೂ ಕಾಕಿಯೂ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಕಾಕಾ ನಗಲಿಲ್ಲ. ಮಂದಿಯನ್ನು ಹಾಗೆ ಒದ್ದಾಡಿಸುವುದರಲ್ಲಿ ಅವನಿಗೊಂದು ಸುಖವಿತ್ತು.

ಅಣ್ಣಿಗೇರಿಯಲ್ಲಿ ಮನೆ, ಹುಬ್ಬಳ್ಳಿಯಲ್ಲಿ ವಕೀಲಿ. ಮುಂಜಾನೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದ. ನನ್ನನ್ನು ಹಡೆದಾಗಲೇ ಅವ್ವ ಹೋಗಿದ್ದಳು. ನಾನು ಶಾಲೆಗೆ ಸೇರುವ ಮೊದಲೇ ಅಪ್ಪನೂ ತೀರಿಕೊಂಡ. ಅಪ್ಪನ ತಮ್ಮನಾದ ಈ ಕಾಕಾನೇ ನನ್ನನ್ನು ಸಾಕಿದ, ಧಾರವಾಡಕ್ಕೆ ಕಳಿಸಿ ಓದಿಸಿದ. ಇಲ್ಲವೆನ್ನುವುದಿಲ್ಲ. ಆದರೆ ಹಾಕಿದ ಒಂದೊಂದು ತುತ್ತನ್ನೂ ನೆನಪು ಮಾಡಿಕೊಟ್ಟೇ ನುಂಗಿಸಿದ. "ನಿಮ್ಮಪ್ಪ ಬಿಟ್ಟು ಹೋದ, ನಾ ಹೊತ್ತೇನಿ. ಮರೀಬ್ಯಾಡ ಗಿರಿಜಾ," ಎಂದು ಬಂದ ಬೀಗರ ಮುಂದೆಲ್ಲ ಹೇಳುವನು. ಕಾಕಾ ಬದುಕಿದ್ದ ತನಕ ನಾನು ಅವನನ್ನು 'ಅವರು' ಎಂದೆ. ಈಗ 'ಅವನು' ಎಂದೇ ಬರೆಯುತ್ತೇನೆ, ಯಾರಿಗೆ ಬೇಜಾರಾದರೂ ಆಗಲಿ.

ಹುಬ್ಬಳ್ಳಿಯಲ್ಲಿ ಕಾಕಾ ಫ್ರೀಮೇಸನ್ನರ ಲಾಜಿಗೆ, ಅಂದರೆ ಇಂಗ್ಲಿಷರ ಕಾಲದಿಂದ ಬಂದ ಒಂದು ಗುಟ್ಟಿನ ಸಂಘಕ್ಕೆ, ಸೇರಿದ್ದ. ಊರಲ್ಲಿ ಆ ಕಟ್ಟಡಕ್ಕೆ ಭೂತದ ಬಂಗಲೆ ಎನ್ನುತ್ತಿದ್ದರು. ಒಳಗೇನು ನಡೆಯುತ್ತದೆಂದು ಹೊರಗಿನವರಿಗೆ ಗೊತ್ತಿರಲಿಲ್ಲ. ಅಲ್ಲಿಗೆ ಹೋಗುವ ದಿನ ಕಾಕಾ ಕರಿ ಕೋಟು ಹಾಕಿ, ದೇವರ ಕಪಾಟಿನಿಂದ ಒಂದು ಚಪ್ಪಟೆ ತಗಡಿನ ಡಬ್ಬಿ ತೆಗೆದುಕೊಂಡು ಹೊರಡುತ್ತಿದ್ದ. ಡಬ್ಬಿಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಬಿಳಿ ಏಪ್ರನ್ನು, ಅಂಚಿಗೆ ತಿಳಿನೀಲಿ ರಿಬ್ಬನ್ನು. ಬಸವಣ್ಣನ ಪಟದ ಬಾಜೂಕೇ ಅದರ ಜಾಗ. ಕಾಕಿ ದಿನಾ ಪಟಕ್ಕೆ ಊದಿನಕಡ್ಡಿ ಬೆಳಗುವಾಗ ಡಬ್ಬಿಗೂ ಒಂದು ಸುತ್ತು ಬೆಳಗುವಳು.

"ಅದೇನ್ರಿ ಕಾಕಾ, ಅಡಿಗಿ ಮಾಡವರಂಗ?" ಎಂದು ನಾನು ಒಮ್ಮೆ ಕೇಳಿದೆ.

"ವಿಲಾಯತಿ ಕ್ಯಾನ್ವಾಸ್ ಐತವಾ. ಹಿಂದಕ ಕಲ್ಲು ಕೆತ್ತೂ ಗೌಂಡ್ಯಾರು ಕಟಗೋತಿದ್ರು. ಈಗ ಅದು ನಮ್ಮ ಗುರುತು. ಬಿಳೇದಂದ್ರ ಕಳಂಕ ಇಲ್ಲದ್ದು."

"ಯಾವಾಗ ಕಟಗೋತೀರಿ?"

ಅವತ್ತು ಅವನಿಗೆ ಖುಷಿಯಾಗಿತ್ತು, ಕೂತು ಹೇಳಿದ. "ಲಾಜಿನ ಬಾಗಲಾ ಹಾಕಿದ ಮ್ಯಾಲೆ. ಹೊಸಬರನ್ನ ಸೇರಿಸ್ಕೊಳ್ಳೂವಾಗ, ಯಜಮಾನನ್ನ ಗಾದಿ ಮ್ಯಾಲೆ ಕುಂಡ್ರಸೂವಾಗ. ಮಂದಿ ಮುಂದ ಕಟಗೋಬೇಕಂದ್ರ ಮ್ಯಾಲಿನವರ ಅಪ್ಪಣಿ ಬೇಕು. ಯಾವುದರ ಕಟ್ಟಡದ ಮೂಲಿಗಲ್ಲು ಇಡೂವಾಗ, ಇಲ್ಲಾ ನಮ್ಮವನೊಬ್ಬ ಸತ್ತಾಗ ಅಷ್ಟ. ಇದನ್ನ ಒಮ್ಮೆ ಕಟಗೊಂಡ್ವಿ ಅಂದ್ರ ಅಲ್ಲೆ ಸಾಹೇಬನೂ ಇಲ್ಲ, ಕಾರಕೂನನೂ ಇಲ್ಲ. ಎಲ್ಲಾರೂ ಅಣ್ಣತಮ್ಮರು. ತಿಳೀತಿಲ್ಲೋ?"

ನಾನು ತಿಳಿಯಿತು ಎಂದೆ. ಹುಚ್ಚಿ, ನಂಬಿಯೂ ಬಿಟ್ಟೆ.

ಆಗ ನಾನು ಊರಿನ ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದೆ. ಗಣಿತ ಕಲಿಸುತ್ತಿದ್ದವರು ಶಲವಡಿಯ ದುರಗಪ್ಪ ಮಾಸ್ತರು. ಅವರ ಮನೆತನ ಹಿಂದೆ ತೊಗಲು ಹದ ಮಾಡುತ್ತಿತ್ತು. ಅವರಪ್ಪ ಬೌದ್ಧರಾದ ಮೇಲೆ ಆ ಕಸುಬನ್ನು ಬಿಟ್ಟು, ಹೊಲಕ್ಕೆ ದುಡಿಯಲು ಹೋಗಿ, ಮಗನನ್ನು ಓದಿಸಿದ್ದರು. ನಾವಿಬ್ಬರೂ ಮದುವೆಯಾಗಬೇಕೆಂದುಕೊಂಡೆವು. ಕದ್ದು ಓಡಿಹೋಗುವುದು ಮಾಸ್ತರರಿಗೆ ಸೇರಲಿಲ್ಲ. "ನಿಮ್ಮನ್ನ ಸಾಕ್ಯಾರ. ಕೇಳೂದು ನಮ್ಮ ಧರ್ಮ," ಎಂದು ಒಂದು ಐತವಾರ ಸ್ವಚ್ಛ ಧೋತರ ಉಟ್ಟುಕೊಂಡು ಮನೆಗೆ ಬಂದರು. ಸೊಂಟದಲ್ಲಿ ಬೆಲ್ಟಿರಲಿಲ್ಲ. ಆದರೂ ಕಾಕಾ ಅವರನ್ನು ಕಟ್ಟೆಯ ಮೇಲೇ ಕೂರಿಸಿದ.

"ಮಾಸ್ತರ, ನೀವು ಅಗದಿ ಛಲೋ ಕಲಸ್ತೀರಂತ ಕೇಳೇನಿ," ಎಂದ. ದನಿಯಲ್ಲಿ ಬೆಣ್ಣೆ. "ಆದ್ರ ತೊಗಲಿನ ಮನಿಗೆ ನಮ್ಮ ಹುಡುಗಿ ಕೊಟ್ರ ನಾಳೆ ನಾ ಲಿಂಗಾ ಹ್ಯಾಂಗ ಮುಟ್ಟಲಿ? ನೀವ ಹೇಳ್ರಿ."

ಮಾಸ್ತರರು ಎದ್ದು ಕೈಮುಗಿದು ಹೋದರು. ಕಾಕಾ ಆಳನ್ನು ಕರೆದು ಅವರು ಕೂತಿದ್ದ ಜಾಗಕ್ಕೆ ನೀರು ಹಾಕಿಸಿದ. ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ನನ್ನ ಮೈ ಉರಿದುಹೋಯಿತು. ಆದರೂ ಮನೆ ಬಿಟ್ಟು ಹೊರಡುವ ಧೈರ್ಯ ಬರಲಿಲ್ಲ. ಇವತ್ತಲ್ಲ ನಾಳೆ ಅವನ ಮನಸ್ಸು ಕರಗೀತು, ಉಂಡ ಮನೆಯಿಂದ ಅಕ್ಷತೆ ಹಾಕಿಸಿಕೊಂಡೇ ಹೋಗೋಣ ಎಂಬ ಆಸೆ.

ಅದಾಗಿ ಒಂದೆರಡು ತಿಂಗಳಿಗೆ ಕಾಕಾ ಲಾಜಿನ ಯಜಮಾನನಾಗಿ ಆರಿಸಿಬಂದ. ಬರುವ ಐತವಾರ ಗಾದಿ ಏರುವ ಸಮಾರಂಭ. ಕಾಕಿಗೆ ಅವನಿಗಿಂತ ಹೆಚ್ಚು ಸಡಗರ. ಡಬ್ಬಿ ತೆಗೆದು ನೋಡಿದರೆ ಏಪ್ರನ್ನಿನ ಮೇಲೆ ಕುಂಕುಮದ ಕಲೆ. ಪೂಜೆಯಲ್ಲಿ ಉಡುವುದು ಅಂದಮೇಲೆ ಮಡಿ ಆಗಬೇಡವೇ? ಗಂಡ ಕೋರ್ಟಿಗೆ ಹೋದದ್ದೇ ತಡ, ಸೋಡಾ ಹಾಕಿ ಕುದಿಸಿದ ನೀರಿನಲ್ಲಿ ಅದನ್ನು ನೆನೆಹಾಕಿ, ಬಾವಿಕಟ್ಟೆಯ ಕಲ್ಲಿಗೆ ಧೋತರ ಬಡಿದಂತೆ ಬಡಿದಳು. ಬಡಿಯುತ್ತ ಬಡಿಯುತ್ತ ನಿಂತುಬಿಟ್ಟಳು.

"ಗಿರಿಜಾ, ಬಾರ ಇಲ್ಲೆ. ಇದರ ನಾತ ನೋಡು."

ಹೋಗಿ ಮೂಸಿದೆ. ಹಸಿ ತೊಗಲಿನ ನಾತ. ಅಂಗಳವೆಲ್ಲ ಅದೇ. ಏಪ್ರನ್ನು ನೋಡನೋಡುತ್ತ ಕರಿದ ಹಪ್ಪಳದ ಹಾಗೆ ಮುದುಡಿ, ನೀಲಿ ಬಣ್ಣವೆಲ್ಲ ಬಿಳಿಯ ಮೇಲೆ ಹರಿದಿತ್ತು. ವಿಲಾಯತಿ ಕ್ಯಾನ್ವಾಸೂ ಅಲ್ಲ ಏನೂ ಅಲ್ಲ, ಕುರಿಮರಿಯ ತೊಗಲು! ಕಾಕಿ ಧೊಪ್ಪನೆ ಕೂತಳು. "ಅಯ್ಯ ಶಿವನ! ಬಸವಣ್ಣನ ಬಾಜೂಕ ಇಟ್ಟು ಇಷ್ಟು ವರ್ಷ ಇದಕ್ಕ ಊದಿನಕಡ್ಡಿ ಬೆಳಗಿದ್ನಲ್ಲೇ!"

ಸಂಜೆ ಕಾಕಾ ಬಂದು ನೋಡಿದ. ಮೊದಲು ಕಾಕಿಯ ಕೆನ್ನೆಗೆ ಹೊಡೆದ. ಅವಳು ಅಳಲಿಲ್ಲ. "ಮಂದೀ ಸೊಂಟದ ಪಟ್ಟಾ ಬಿಚ್ಚಸ್ತಿದ್ದಿ. ದೇವರ ಕಪಾಟಿನ್ಯಾಗ ತೊಗಲು ಇಟ್ಟವ ನೀನ ಅಲ್ಲೇನು?" ಎಂದಳು. ಅವಳು ಗಂಡನಿಗೆ ಏಕವಚನ ಹಚ್ಚಿದ್ದು ನಾನು ಕೇಳಿದ್ದು ಅದೊಂದೇ ಸಲ. ಕಾಕಾ ಅತ್ತಿಂದಿತ್ತ ಓಡಾಡಿದ. ಮುಂಬೈಯಿಂದ ಹೊಸದು ತರಿಸಲು ಹೊತ್ತಿರಲಿಲ್ಲ. ಗಾದಿ ಏರುವವನು ಇನ್ನೊಬ್ಬರದನ್ನು ಕೇಳಿ ತಂದು ಕಟ್ಟಿಕೊಂಡರೆ ಮರ್ಯಾದೆ ಏನಾಗಬೇಕು? ಆಗ ಅವನ ತಲೆಗೆ ಬಂದದ್ದನ್ನು ನೆನೆದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ. ಗಣಿತದ ಮಾಸ್ತರರಿಗೆ ಹೇಳಿ ಕಳಿಸಿದ.

ಮರುದಿನ ಶಾಲೆ ಬಿಟ್ಟ ಮೇಲೆ ಮಾಸ್ತರರು ಬಂದರು. ಈ ಸಲ ಕಾಕಾ ಅವರನ್ನು ಒಳಗೆ ಕರೆದ, ಕುರ್ಚಿ ಕೊಟ್ಟ, ಚಹಾ ತರಿಸಿದ. ಅಯ್ಯೋ, ಮನಸ್ಸು ಕರಗಿತು ಎಂದುಕೊಂಡು ನಾನು ಬಾಗಿಲ ಹಿಂದೆ ನಿಂತೆ. ಕಾಕಾ ಮುದುಡಿದ ಏಪ್ರನ್ನನ್ನು ಅವರ ಮುಂದೆ ಇಟ್ಟ.

"ಮಾಸ್ತರ, ಇದನ್ನ ಹದಾ ಮಾಡಿ ಮೊದಲಿನಂಗ ಮಾಡಿಕೊಡ್ರಿ. ನಿಮಗ ರಕ್ತದಾಗ ಬಂದಿರ್ತೈತಿ. ಐತವಾರದೊಳಗ ಆತು ಅಂದ್ರ, ಗಿರಿಜಾನ ಮಾತು ನಾ ಇನ್ನೊಮ್ಮೆ ವಿಚಾರ ಮಾಡತೇನಿ."

ಮಾಸ್ತರರು ಅದನ್ನು ಮುಟ್ಟಲಿಲ್ಲ. "ವಕೀಲರ, ನಮ್ಮಪ್ಪ ಆ ಕೆಲಸಾ ಬಿಟ್ಟಾಗ ನಾ ಸಾಲ್ಯಾಗ ಮೂರನೆತ್ತಿ ಕಲೀತಿದ್ದೆ. ನನಗ ಬೀಜಗಣಿತ ಬರತೈತಿ, ತೊಗಲಿನ ಕೆಲಸ ಬರಂಗಿಲ್ಲ. ಬಂದಿದ್ರೂ ಇದರ ಬದಲಿ ಗಿರಿಜಾಬಾಯಾರನ್ನ ಇಸಗೊಂಡು ಹೋಗತಿರಲಿಲ್ಲ," ಎಂದು ಎದ್ದರು.

"ಏನ್ ಸೊಕ್ಕಲೇ ನಿಂದು!" ಎಂದು ಕಾಕಾ ಚೀರಿದ. ಒಂದೇ ಗಳಿಗೆಯಲ್ಲಿ 'ಮಾಸ್ತರ' ಹೋಗಿ 'ಲೇ' ಬಂತು.

ನಾನು ಹೊರಗೆ ಬಂದೆ. "ಬದಲಿ ಕೊಡಾಕ ನಾ ಏನ್ ಜ್ವಾಳದ ಚೀಲಾ ಏನ್ರಿ ಕಾಕಾ? ತೊಗಲಿನ ಮನಿ ಅಂತ ಹೊರಗ ಹಾಕಿದ್ರಿ. ಈಗ ತೊಗಲಿಗೇ ನನ್ನ ಮಾರಾಕ ಕುಂತೀರಿ."

"ಈ ಹೊಸ್ತಲಾ ದಾಟಿದೆಂದ್ರ ನೀ ಸತ್ತಿ ಅಂತ ತಿಳಕೋತೇನಿ."

"ತಿಳಕೋರಿ," ಎಂದೆ. ಅಷ್ಟು ದಿನ ಬಾರದ ಧೈರ್ಯ ಅವತ್ತು ಎಲ್ಲಿಂದ ಬಂತೋ. ಕಾಕಿ ನನ್ನ ಟ್ರಂಕು ತಂದು ಕಟ್ಟೆಯ ಮೇಲಿಟ್ಟು, "ಹೋಗವಾ. ನನಗಂತೂ ಹೋಗೂದು ಆಗಲಿಲ್ಲ," ಎಂದಳು.

ಧಾರವಾಡದಲ್ಲಿ ರಜಿಸ್ಟರ್ ಮದುವೆಯಾಯಿತು. ನಾನು ಸತ್ತೆನೆಂದು ಕಾಕಾ ನನ್ನ ಹೆಸರಿನಲ್ಲಿ ತಲೆಗೆ ನೀರು ಹಾಕಿಕೊಂಡನಂತೆ. ಐತವಾರ ಯಾರದೋ ಏಪ್ರನ್ನನ್ನು ಕೇಳಿ ತಂದು ಕಟ್ಟಿಕೊಂಡು ಗಾದಿಯನ್ನೂ ಏರಿದನಂತೆ. ನಮ್ಮಿಬ್ಬರಿಗೂ ನವಲಗುಂದಕ್ಕೆ ವರ್ಗವಾಯಿತು. ಮಗಳು ಹುಟ್ಟಿದಳು. ಹೇಳಿ ಕಳಿಸಿದೆ, ಯಾರೂ ಬರಲಿಲ್ಲ.

ಮಗಳು ನಡೆಯಲು ಕಲಿತ ಮೇಲೆ ಒಂದು ದಿನ ಹೆಡ್‌ಮಾಸ್ತರರು ಸುದ್ದಿ ತಂದರು. ಹುಬ್ಬಳ್ಳಿಯ ಲಾಜಿನವರು ನಮ್ಮ ಶಾಲೆಗೆ ವಿಜ್ಞಾನದ ಖೋಲಿ ಕಟ್ಟಿಸಿಕೊಡುತ್ತಾರೆ, ಅವರ ಯಜಮಾನರೇ ಮೂಲೆಗಲ್ಲು ಇಡುತ್ತಾರೆ ಎಂದು. ಯಜಮಾನ ಯಾರೆಂದು ನಾನು ಕೇಳಲಿಲ್ಲ. ಮಗಳಿಗೆ ಹೊಸ ಲಂಗ ಹಾಕಿ ಕರೆದುಕೊಂಡು ಹೋದೆ. ನನ್ನನ್ನು ಬೈಯಲಿ, ಕೂಸನ್ನೊಮ್ಮೆ ಕಣ್ಣೆತ್ತಿ ನೋಡಿದರೆ ಸಾಕು ಎಂಬ ದರಿದ್ರ ಆಸೆ ಇನ್ನೂ ಉಳಿದಿತ್ತು.

ಕರಿ ಕೋಟಿನ ಮೇಲೆ ಬಿಳಿ ಏಪ್ರನ್ನು ಕಟ್ಟಿಕೊಂಡು ಅವರೆಲ್ಲ ಸಾಲಾಗಿ ಬಂದರು, ಮುಂದೆ ಕಾಕಾ. ಕಲ್ಲಿನ ಮೇಲೆ ಕಾಳು ಚೆಲ್ಲಿದರು, ಎಣ್ಣೆ ಹೊಯ್ದರು. ನೋಡಲು ನಿಂತ ರೈತನೊಬ್ಬ, "ಒಂದ ಕಲ್ಲ ಇಡಾಕ ಇಷ್ಟೂ ಮಂದಿ ಗೌಂಡ್ಯಾರು ಬೇಕಾತೇನೋ?" ಎಂದ. ಎಲ್ಲರೂ ನಕ್ಕರು. ಮನುಷ್ಯರೆಲ್ಲ ಅಣ್ಣತಮ್ಮರೆಂದು ಕಾಕಾ ಭಾಷಣ ಮಾಡಿದ. ಆಮೇಲೆ ಸಾಲಾಗಿ ನಿಂತ ಮಾಸ್ತರರ ಕೈಕುಲುಕುತ್ತ ಬಂದ.

ನನ್ನ ಗಂಡ ಕೈ ಮುಂದೆ ಚಾಚಿದರು. ಕಾಕಾ ಆ ಕೈಯನ್ನು ನೋಡಿ, ಏಪ್ರನ್ನಿನ ಮೇಲೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಮುಂದೆ ಸರಿದು, ಡ್ರಿಲ್ ಮಾಸ್ತರರ ಕೈ ಕುಲುಕಿದ. ವಕೀಲನಲ್ಲವೇ, ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಅವನ ಹಿಂದೆಯೇ ಬಂದ ದಪ್ಪನೆಯ ಡಾಕ್ಟರರೊಬ್ಬರು, ಅವರೂ ಏಪ್ರನ್ನಿನವರೇ, ನನ್ನ ಗಂಡನ ಇನ್ನೂ ಚಾಚಿಯೇ ಇದ್ದ ಕೈಯನ್ನು ಗಟ್ಟಿಯಾಗಿ ಹಿಡಿದರು. ಆಮೇಲೆ ನನ್ನನ್ನೂ ಕೂಸನ್ನೂ ನೋಡಿದರು.

"ಅರೇ! ಈ ತಾಯೀದು ನಮ್ಮ ವಕೀಲರ ಮೂಗ ಐತಲ್ಲ! ಏನ್ ವಕೀಲರ, ನಿಮ್ಮ ಪೈಕಿ ಏನು?"

ಕಾಕಾ ತಿರುಗಿ ನೋಡಿದ. ನನ್ನನ್ನು ನೋಡಿದ, ಮಗಳನ್ನೂ ನೋಡಿದ.

"ಛೇ ಛೇ. ಯಾರೋ ಮಾಸ್ತರ ಹೆಂಡತಿ ಇರಬೇಕು," ಎಂದ.

ಇರಬೇಕು! ನನಗೆ ತುತ್ತು ಹಾಕಿದವನ ಬಾಯಿಯ ಮಾತು ಅದು. ಕಣ್ಣಿಗೆ ಬಂದ ನೀರು ಅಲ್ಲೇ ಬತ್ತಿತು.

"ಹೌದ್ರಿ ಡಾಕ್ಟರ," ಎಂದೆ, ಎಲ್ಲರಿಗೂ ಕೇಳುವ ಹಾಗೆ. "ನಾ ಮಾಸ್ತರ ಹೆಂಡತಿ. ಈ ತೊಗಲು ಕಟಗೊಂಡವರು ಯಾರಂತ ನನಗ ಗುರ್ತಿಲ್ಲ."

ಕಾಕಾನ ಮುಖ ಕಪ್ಪಿಟ್ಟಿತು. ಡಾಕ್ಟರರು ನನ್ನ ಮೂಗು ನೋಡಿದರು, ಅವನ ಮೂಗು ನೋಡಿದರು. ಕಾಕಾ ಚಹಾ ಕುಡಿಯದೆ ಹೋದ.

ಮರುವರ್ಷ ಮಳೆಗಾಲದಲ್ಲಿ ಅವನು ಸತ್ತ ಸುದ್ದಿ ಬಂತು. ಅಪ್ಪಣೆ ತೆಗೆದುಕೊಂಡು ಲಾಜಿನವರೆಲ್ಲ ಏಪ್ರನ್ನು ಕಟ್ಟಿಕೊಂಡು ಬಂದಿದ್ದಾರೆ, ಗಿರಿಜಾ ಬರಲಿ ಎಂದು ಕಾಕಿ ಆಳನ್ನು ಕಳಿಸಿದ್ದಳು.

"ಎಲ್ಲಾ ಬಿಡು, ಮಣ್ಣಿಗರೆ ಹೋಗಿ ಬಾ," ಎಂದರು ನನ್ನ ಗಂಡ.

ನಾನು ರೊಟ್ಟಿಯ ಹಿಟ್ಟು ನಾದುತ್ತಿದ್ದೆ. ಕೈ ನಿಲ್ಲಿಸಲಿಲ್ಲ.

"ಮಾಸ್ತರ ಹೆಂಡತಿಗೆ ಅಲ್ಲೇನು ಕೆಲಸರಿ?" ಎಂದೆ.