ಬ್ಯಾಟರಿಗೂ ಭರಣಿಗೂ ಒಂದೇ ಮೂಲೆ

ಮಕ್ಕಳೇ, ನಾಲ್ಕು ಜನ ಸೇರಿದ ಕಡೆ ನಾನು ಬಾಯಿ ತೆರೆಯುವುದು ಕಡಿಮೆ. ತೆರೆದರೂ ಮಾತಿನ ಕೊನೆಯ ತುಂಡು ಸೆರಗಿನೊಳಗೇ ಉಳಿದುಬಿಡುತ್ತದೆ. ಅಂಥವಳು ಸೋಲಾರ್ ಬ್ಯಾಟರಿಯ ವಿಷಯದಲ್ಲಿ ವಕೀಲಿ ಮಾಡಲು ಹೊರಟೆ. ಯಾಕೆಂದು ಹೇಳುತ್ತೇನೆ, ನಗಬೇಡಿ.

ನಮ್ಮ ಬಿಕರ್ನಕಟ್ಟೆ ಮನೆಯ ತಾರಸಿಯಲ್ಲಿ ಪ್ಯಾನಲ್‌ಗಳು ಆಗಲೇ ಇದ್ದವು. ಹಗಲಿನ ಕರೆಂಟನ್ನು ಕೂಡಿಡಲು ಬ್ಯಾಟರಿ ಬೇಕು ಎಂದಾಯಿತು. ಎಲ್ಲಿಡುವುದು? ಗಲ್ಫಿನಲ್ಲಿ ಇದೇ ಕೆಲಸ ಮಾಡಿ ಬಂದ ಇಸ್ಮಾಯಿಲ್ ಮನೆಯೆಲ್ಲ ಸುತ್ತಿ, ಮೆಟ್ಟಿಲಡಿಯ ಮೂಲೆಯ ಎದುರು ನಿಂತ. "ಬಿಸಿಲು ಬೀಳ್ಬಾರ್ದು, ನೀರು ತಾಗ್ಬಾರ್ದು, ಗಾಳಿ ಆಡ್ಬೇಕು. ಇದಕ್ಕಿಂತ ಒಳ್ಳೆ ಜಾಗ ಇಲ್ಲ."

ಬಿಸಿಲು ಬೀಳಬಾರದು, ನೀರು ತಾಗಬಾರದು ಎಂದೇ ನಾನು ಆ ಮೂಲೆಯಲ್ಲಿ ನನ್ನ ಭರಣಿಗಳನ್ನು ಇಟ್ಟದ್ದು. ಉಪ್ಪುನೀರಿನ ಮಾವಿನಕಾಯಿ, ಉಪ್ಪಿಗೆ ಹಾಕಿದ ಹಲಸಿನ ಸೊಳೆ, ಮಿಡಿ ಉಪ್ಪಿನಕಾಯಿ. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ನನ್ನದೆಂದು ಹೇಳಬಹುದಾದ ಜಾಗ ಅದೊಂದೇ.

ಆಗ ನನ್ನ ಮಗ, ಅಂದರೆ ನಿಮ್ಮ ಅಪ್ಪ, "ಪ್ಯಾನಲಿನ ಅಡಿಯಲ್ಲೇ ಇಡುವ ಮಾರಾಯ. ನೆರಳು ಉಂಟು, ವಯರೂ ಗಿಡ್ಡ ಸಾಕು" ಎಂದ.

"ಮಧ್ಯಾಹ್ನ ಅದರ ಅಡಿ ಕೂತು ನೋಡಿದ್ದೀರಾ ಸಾರ್?" ಎಂದು ಇಸ್ಮಾಯಿಲ್ ಕೇಳಿದ.

"ನೆರಳು ಅಂದ್ರೆ ನೆರಳೇ ಅಲ್ವಾ?" ಎಂದು ಬಾಗಿಲ ಸಂದಿಯಿಂದ ಒಂದು ದನಿ ಬಂತು. ನನ್ನದೇ.

"ಓ, ಮಾಮಿ ಇಂಜಿನಿಯರ್ ಆದ್ರು!" ಎಂದಳು ನಿಮ್ಮ ಅಮ್ಮ. ನನಗೆ ಚುರುಕ್ಕೆಂದಿತು. ನನ್ನದೊಂದು ಭರಣಿಯನ್ನು ಪ್ಯಾನಲಿನ ಅಡಿ ಇಡುತ್ತೇನೆ, ಅದು ಕೆಡದಿದ್ದರೆ ಬ್ಯಾಟರಿಯೂ ಕೆಡಲಿಕ್ಕಿಲ್ಲ ಎಂದುಬಿಟ್ಟೆ.

"ಆಯ್ತು ಅಮ್ಮ, ಭರಣಿ ಪಾಸಾದ್ರೆ ನಾನೂ ಒಪ್ತೇನೆ. ಫೇಲಾದ್ರೆ ಮೂಲೆ ನಂಗೆ" ಎಂದು ಇಸ್ಮಾಯಿಲ್ ನಕ್ಕ.

ನೆರಳು ಎಂದರೆ ತಂಪು ಎಂದು ನಾನು ಕಲಿತದ್ದು ಊರಿನ ಶಾಲೆಯಲ್ಲಿ. ಅಲ್ಲಿದ್ದದ್ದು ಹಲಸಿನ ಮರದ ನೆರಳು. ಮರ ಬಿಸಿಲನ್ನೆಲ್ಲ ತಾನೇ ತಿಂದು ನಮಗೆ ತಂಪು ಕೊಡುತ್ತದೆ. ಪ್ಯಾನಲ್ ಹಾಗಲ್ಲ, ತನಗೆ ಬೇಕಾದಷ್ಟು ತಿಂದು ಉಳಿದದ್ದನ್ನು ಬೆನ್ನಿನಿಂದ ಕೆಳಗೆ ಉಗುಳುತ್ತದೆ. ನಂತೂರಿನಲ್ಲಿ ತಗಡಿನ ಅಡಿ ನಿಂತು ಬಸ್ಸಿಗೆ ಕಾದವಳಿಗೆ ಇದು ಹೊಳೆಯಬೇಕಿತ್ತು. ಮೂಲೆಯ ಆಸೆ ಹೊಳೆಯಲು ಬಿಡಲಿಲ್ಲ.

ಮೊದಲ ಮಧ್ಯಾಹ್ನವೇ ಭರಣಿ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡೆ. ಯಾರಿಗೂ ಹೇಳದೆ ಅದಕ್ಕೊಂದು ಒದ್ದೆ ಗೋಣಿ ಸುತ್ತಿ ಬಂದೆ. ಸಂಜೆ ನಿಮ್ಮಲ್ಲಿ ಕಿರಿಯವಳು, ಅವಳ ಹೆಸರು ಹೇಳುವುದಿಲ್ಲ, ಎಲ್ಲರೆದುರು ಕೇಳಿದಳು: "ಅಜ್ಜಿ, ಬ್ಯಾಟರಿಗೂ ಗೋಣಿ ಸುತ್ತುದಾ?"

ಗೋಣಿ ಬಿಚ್ಚಿಸಿದರು. ನಾಲ್ಕಾರು ದಿನ ಕಳೆದು ಮಳೆಗಾಲಕ್ಕೆ ಮುಂಚಿನ ಗಾಳಿಮಳೆ ಒಂದು ಸಂಜೆ ಕಡಲಿನ ಕಡೆಯಿಂದ ಅಡ್ಡಕ್ಕೆ ಬಡಿಯಿತು. ಪ್ಯಾನಲ್ ಮೇಲಿನ ಮಳೆ ತಡೆದೀತು, ಪಕ್ಕದಿಂದ ನುಗ್ಗುವ ಮಳೆಗೆ ಏನು ಮಾಡೀತು? ಭರಣಿಯ ಬಾಯಿಬಟ್ಟೆ ತೊಯ್ದು ತೊಪ್ಪೆಯಾಗಿತ್ತು. ಒಳಗಿನ ಮಾವಿನಕಾಯಿ, ಹಿಡಿದರೆ ಬೆರಳಿಗೆ ಅಂಟುವಷ್ಟು ಮೆತ್ತಗೆ. ಇಸ್ಮಾಯಿಲ್ ನಗುತ್ತಾನೆಂದುಕೊಂಡೆ. ಅವನು ಮೂಸಿ ನೋಡಿ, "ಬೇಜಾರು ಮಾಡ್ಬೇಡಿ ಅಮ್ಮ, ಬ್ಯಾಟರಿ ಆಗಿದ್ರೆ ಇನ್ನೂ ದೊಡ್ಡ ಗೊಜ್ಜು ಆಗ್ತಿತ್ತು" ಎಂದ.

ಬ್ಯಾಟರಿ ಮೆಟ್ಟಿಲಡಿಯ ಗೋಡೆ ಏರಿತು. ಉಪ್ಪುನೀರು ಅದರ ಹತ್ತಿರ ಸುಳಿಯಬಾರದಂತೆ. ಭರಣಿಗಳು ನನ್ನ ಕೋಣೆಗೆ ಬಂದು ಮಂಚದಡಿ ಸಾಲಾಗಿ ಕೂತವು. ಕೆಲವು ದಿನ ಬ್ಯಾಟರಿಯ ಕಡೆ ಮುಖ ಕೊಟ್ಟು ನಡೆಯಲಿಲ್ಲ ನಾನು. ಆದರೆ ಕರೆಂಟು ಹೋದರೂ ಫ್ಯಾನು ತಿರುಗುವಾಗ ಎಷ್ಟೆಂದು ಸಿಟ್ಟು ಮಾಡುವುದು?

ಮತ್ತೆ, ಶಾಲೆಯಿಂದ ಬಂದೊಡನೆ ಮೊಬೈಲಿಗೆ ಓಡುತ್ತಿದ್ದವರು ನೀವು. ಈಗ ಒಬ್ಬೊಬ್ಬರಾಗಿ ನನ್ನ ಮಂಚದ ಮೇಲೆ ಕೂತು, "ಕಾಲುನೋವು ಹೇಗುಂಟು ಅಜ್ಜಿ?" ಎಂದು ಕೇಳುತ್ತೀರಿ. ಕಣ್ಣು ಮಾತ್ರ ಮಂಚದಡಿ ಇರುತ್ತದೆ. ಇರಲಿ. ಮಾವಿನಕಾಯಿಯ ತುಂಡು ತೆಗೆದುಕೊಡಲು ನಾನೂ ಸ್ವಲ್ಪ ತಡಮಾಡುತ್ತೇನೆ.